ಪಾಡ್ಯದವರೆಗೆ ಕಾದ ಸಹಿ

ಮೊನ್ನೆ ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಹಿಂದಿನ ದಿನ ಐಸ್‌ಕ್ರೀಮ್ ತೆಗೆದವರು ನಿಮ್ಮಿಬ್ಬರಲ್ಲಿ ಯಾರು ಎಂದು ನಾನು ಕೇಳಲಿಲ್ಲ. ದೋಸೆ ಹಿಟ್ಟು ಡಬ್ಬಿಯ ಮುಚ್ಚಳವನ್ನು ಎತ್ತಿಕೊಂಡು ಹೊರಗೆ ಬಂದಿತ್ತು. ಅಡಿಗೆಮನೆ ತುಂಬ ಹುಳಿ ವಾಸನೆ. ನಿಮ್ಮ ಅಮ್ಮ ಬಂದವಳು, "ಅತ್ತೆ, ಎಸೆದುಬಿಡಿ, ಬೇರೆ ಪ್ಯಾಕೆಟ್ ತರಿಸ್ತೀನಿ" ಅಂದಳು. ನನಗೆ ಎಸೆಯಲಾಗಲಿಲ್ಲ. ಡಬ್ಬಿ ಹಿಡಿದುಕೊಂಡು ಸಿಂಕಿನ ಮುಂದೆ ಸುಮ್ಮನೆ ನಿಂತಿದ್ದೆ. ಆ ವಾಸನೆ ನನ್ನನ್ನು ಬುಕಿತ್ ಬಾಟೋಕ್‌ನ ಆ ಮೂರನೇ ಮಹಡಿಗೆ ಕರೆದುಕೊಂಡು ಹೋಗಿಬಿಟ್ಟಿತ್ತು.

ಅದೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮ ಅಪ್ಪ ಫೋನಿನಲ್ಲಿ ಮನೆಯ ಕರೆಂಟಿನ ಪ್ಲಾನ್ ನೋಡುತ್ತಿದ್ದ. ಹಳೆಯದು ಮುಗಿಯುತ್ತಿದೆಯಂತೆ.

"ಎರಡು ವರ್ಷಕ್ಕೆ ಫಿಕ್ಸ್ ಮಾಡಿಬಿಡ್ತೀನಿ. ಅಪ್ಪನ ಹಾಗೆ ರೇಟ್ ಇಳಿಯುತ್ತೆ ಅಂತ ಕಾಯ್ತಾ ಕೂರೋದು ಬೇಡ" ಅಂದ.

ನಿಶಾಂತ, ನೀನು ತಲೆಯೆತ್ತಿ ಕೇಳಿದೆ: "ಅಜ್ಜ ಗ್ಯಾಂಬಲ್ ಮಾಡಿದ್ರಾ?"

"ಒಂಥರಾ ಹಾಗೇ ಅನ್ಕೋ."

"ಅಜ್ಜ ಸೋ ಡೇರಿಂಗ್ ಲಾ" ಅಂದೆ ನೀನು. ಎಲ್ಲರೂ ನಕ್ಕರು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ನಿನ್ನ ಮೇಲೆ ಸಿಟ್ಟಿಲ್ಲ ಮಗಾ. ನಿನಗೆ ಹೇಳಿದ್ದನ್ನು ನೀನು ನಂಬಿದ್ದೀಯ. ನಿನ್ನ ಅಪ್ಪನೂ ಅವನಿಗೆ ಹೇಳಿದ್ದನ್ನೇ ನಂಬಿದ್ದಾನೆ. ಅದು ನಿಜವಲ್ಲ ಎಂದು ಗೊತ್ತಿದ್ದವರು ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ ಉಳಿದಿದ್ದೇನೆ. ಬಾಯಲ್ಲಿ ಹೇಳಲು ನನಗೆ ಧೈರ್ಯ ಬರುವುದಿಲ್ಲ. ನಾಲ್ಕು ಜನರೆದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದೆ. ಅನಘಾ, ನೀನು ಭಾನುವಾರದ ಕ್ಲಾಸಿನಲ್ಲಿ ಓದಲು ಕಲಿತಿದ್ದೀಯ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನಿಧಾನವಾಗಿ ಓದಿ ತಮ್ಮನಿಗೂ ಹೇಳು.

ನಿಮ್ಮ ಅಜ್ಜ ಮದುವೆಗೆ ಮೊದಲೇ ಉಡುಪಿ ಕಡೆಯಿಂದ ಸಮುದ್ರ ದಾಟಿ ಇಲ್ಲಿಗೆ ಅಡಿಗೆಯವರಾಗಿ ಬಂದವರು. ಬೇರೆಯವರ ಹೋಟೆಲಿನಲ್ಲಿ ಬಹಳ ವರ್ಷ ದುಡಿದು, ಕೊನೆಗೆ ಬುಕಿತ್ ಬಾಟೋಕ್‌ನ ಕಾರ್ಖಾನೆಗಳ ಕಟ್ಟಡದಲ್ಲಿ ಒಂದು ಸಣ್ಣ ಘಟಕ ಬಾಡಿಗೆಗೆ ಹಿಡಿದರು. ಎರಡು ದೊಡ್ಡ ಗ್ರೈಂಡರ್, ಅಕ್ಕಿ ನೆನೆಸುವ ತೊಟ್ಟಿಗಳು, ಒಂದು ಕೋಲ್ಡ್ ರೂಮ್. ನಾವು ದೋಸೆ ಹಿಟ್ಟು, ಇಡ್ಲಿ ಹಿಟ್ಟು ಮಾಡಿ ಪ್ಯಾಕೆಟ್ ತುಂಬಿ ಫ್ಲಾಟುಗಳ ಕೆಳಗಿನ ಅಂಗಡಿಗಳಿಗೂ ಒನ್-ನಾರ್ತ್ ಬಡಾವಣೆಯ ಒಂದು ಕ್ಯಾಂಟೀನಿಗೂ ಕೊಡುತ್ತಿದ್ದೆವು. ಅವರು ರುಬ್ಬುವುದು, ನಾನು ಕಲಸುವುದು. ಉಪ್ಪು ಹಾಕಿ ಮೊಣಕೈವರೆಗೆ ಕೈ ಇಳಿಸಿ ಕಲಸಬೇಕು. ಆಮೇಲೆ ಪಾತ್ರೆಗೆ ಕಿವಿ ಕೊಟ್ಟರೆ ಒಳಗೆ ಸಣ್ಣ ಸದ್ದು, ಯಾರೋ ಪಿಸುಗುಟ್ಟಿದ ಹಾಗೆ. ಆ ಸದ್ದು ಇನ್ನೇನು ಜೋರಾಗುತ್ತದೆ ಅನ್ನುವಾಗ ಕೋಲ್ಡ್ ರೂಮಿಗೆ ಹಾಕಬೇಕು. ಈ ಊರಿನ ಸೆಕೆಯಲ್ಲಿ ಅರ್ಧ ಗಂಟೆ ತಡವಾದರೂ ಹುಳಿ ಬಂದುಬಿಡುತ್ತದೆ. ಹಿಟ್ಟು ಉಬ್ಬುವುದು ತಾನಾಗಿಯೇ. ಅದನ್ನು ನಿಲ್ಲಿಸುವುದಕ್ಕೆ ಮಾತ್ರ ಕರೆಂಟು ಬೇಕು. ನಮ್ಮ ಇಡೀ ಬದುಕು ಆ ತಣ್ಣನೆಯ ಕೋಣೆಯ ಮೇಲೆ ನಿಂತಿತ್ತು.

ಒಂದು ವಿಷಯ ನಿಮಗೆ ಹೇಳಬೇಕು. ಹೊರಗಿನವರು ಬಂದಾಗ ನಾನು ಒಳಗಿನ ಪಾತ್ರೆಗಳ ಹತ್ತಿರ ಸರಿದುಬಿಡುತ್ತಿದ್ದೆ. ಆದರೆ ಕಿವಿ ಹೊರಗೇ ಇರುತ್ತಿತ್ತು. ಯಾರಾದರೂ ಹೊಸ ಗಿರಾಕಿ ಸಾಲ ಕೇಳಿದರೆ, ಯಾರಾದರೂ ಏನಾದರೂ ಮಾರಲು ಬಂದರೆ, ಅಜ್ಜ "ನೋಡುವ, ನೋಡುವ" ಅನ್ನುತ್ತಾ ಸ್ವಲ್ಪ ತಡೆಯುತ್ತಿದ್ದರು. ನಾನು ಸೌಟಿನಿಂದ ಪಾತ್ರೆಯ ಅಂಚಿಗೆ ತಟ್ಟುತ್ತಿದ್ದೆ. ಒಂದು ಸಲ ತಟ್ಟಿದರೆ ಆಗಬಹುದು. ಎರಡು ಸಲ ತಟ್ಟಿದರೆ ಬೇಡ, ತಡೆಯಿರಿ. ಮದುವೆಯಾದ ಹೊಸತರಲ್ಲಿ ತುಂಬಿದ ಮನೆಯಲ್ಲಿ ನಮಗೆ ಅಭ್ಯಾಸವಾದದ್ದು ಅದು. ಯಾರಿಗೂ ತಿಳಿಯುತ್ತಿರಲಿಲ್ಲ, ಅಡಿಗೆಯ ಸದ್ದು ಅಂದುಕೊಳ್ಳುತ್ತಿದ್ದರು.

ಪಕ್ಕದ ಘಟಕದಲ್ಲಿ ಲಿಮ್ ಅಂಕಲ್ ಇದ್ದರು. ಮೀನಿನ ಉಂಡೆ ಮಾಡುವವರು. ಮೊದಲ ವರ್ಷವೆಲ್ಲ ನಾನು ಮೂಗಿಗೆ ಸೆರಗು ಹಿಡಿದೇ ಓಡಾಡಿದೆ. ನಾನು ಊದುಬತ್ತಿ ಹಚ್ಚಿದರೆ ಅವರಿಗೆ ಸೀನು. ಆಮೇಲೆ ಇಬ್ಬರಿಗೂ ಅಭ್ಯಾಸವಾಯಿತು. ಸಂಜೆ ಗ್ರೈಂಡರ್ ತೊಳೆದ ಮೇಲೆ ಅಜ್ಜನೂ ಅವರೂ ಕಾರಿಡಾರಿನಲ್ಲಿ ಸ್ಟೂಲು ಹಾಕಿ ಕೂತು ಮಲಯ, ಇಂಗ್ಲಿಷು, ತಮಿಳು ಎಲ್ಲ ಸೇರಿಸಿ ಮಾತಾಡುತ್ತಿದ್ದರು.

ನಾನು ಹೇಳುತ್ತಿರುವುದು ಕೋವಿಡ್ಡಿನ ಎರಡನೇ ವರ್ಷದ ಮಾತು. ಕರೆಂಟನ್ನು ಮಾರಲು ಇಲ್ಲಿ ಹಲವು ಕಂಪೆನಿಗಳು ಬಂದಿದ್ದವು. ತಂತಿ ಅದೇ, ದೀಪ ಅದೇ, ಬಿಲ್ಲು ಕಳಿಸುವವರು ಬೇರೆ. ಕಡಿಮೆಗೆ ಸಿಗುತ್ತದೆಂದು ನಾವೂ ಲಿಮ್ ಅಂಕಲ್ಲೂ ಒಂದೊಂದು ಸಣ್ಣ ಕಂಪೆನಿ ಸೇರಿದ್ದೆವು. ಆ ವರ್ಷ ಎಲ್ಲೋ ದೂರದಲ್ಲಿ ಗ್ಯಾಸಿನ ಬೆಲೆ ಏರಿತು. ಇಲ್ಲಿ ಕರೆಂಟು ಆಗುವುದು ಗ್ಯಾಸಿನಿಂದ. ಸಣ್ಣ ಕಂಪೆನಿಗಳು ನಮಗೆ ಕಡಿಮೆಗೆ ಕೊಡುತ್ತೇವೆಂದು ಮಾತು ಕೊಟ್ಟು, ತಾವು ಹೆಚ್ಚಿಗೆ ಕೊಂಡುಕೊಳ್ಳುವ ಸ್ಥಿತಿ ಬಂದು, ಒಂದೊಂದಾಗಿ ಮುಚ್ಚತೊಡಗಿದವು.

ಕಂಪೆನಿ ಮುಚ್ಚುತ್ತಿದೆ ಎಂಬ ಕಾಗದ ಲಿಮ್ ಅಂಕಲ್‌ಗೆ ನಮಗಿಂತ ಮೊದಲು ಬಂತು. ಆಗ ಅವರ ಚೀನೀ ಪಂಚಾಂಗದ ಏಳನೇ ತಿಂಗಳು ನಡೆಯುತ್ತಿತ್ತು. ಸತ್ತವರು ಮನೆಗೆ ಬರುವ ತಿಂಗಳು ಅದು, ಕಟ್ಟಡದ ಕೆಳಗೆಲ್ಲ ಕಾಗದ ಸುಟ್ಟ ಹೊಗೆ. ಆ ತಿಂಗಳಲ್ಲಿ ಅವರು ಹೊಸದಕ್ಕೆ ಸಹಿ ಹಾಕುವವರಲ್ಲ. ತಿಂಗಳು ಮುಗಿದ ಮರುದಿನ ಬೇರೆ ಕಂಪೆನಿಯ ಜೊತೆ ಒಂದೇ ದರಕ್ಕೆ ಎರಡು ವರ್ಷದ ಕರಾರು ಮಾಡಿಕೊಂಡು ಬಂದು, "ಸೈನ್ ಆಲ್ರೆಡಿ ಲಾ" ಎಂದು ಅಜ್ಜನಿಗೆ ಹೆಬ್ಬೆರಳು ತೋರಿಸಿದರು.

ನಮಗೆ ಕಾಗದ ಬಂದಾಗ ಅನಂತ ಚತುರ್ದಶಿ ಕಳೆದಿತ್ತು. ಮುಂದಿನ ತಿಂಗಳ ಮಧ್ಯದವರೆಗೆ ಸಮಯ ಇತ್ತು. ಅಷ್ಟರಲ್ಲಿ ಬೇರೆ ಕಂಪೆನಿ ಹುಡುಕಿಕೊಳ್ಳದಿದ್ದರೆ ಸಗಟು ಮಾರುಕಟ್ಟೆಯ ದರಕ್ಕೆ ಬೀಳುತ್ತೇವೆ, ಆ ದರ ಅರ್ಧ ಗಂಟೆಗೊಮ್ಮೆ ಬದಲಾಗುತ್ತದೆ ಎಂದು ಬರೆದಿತ್ತು. ಲಿಮ್ ಅಂಕಲ್ ಹೊಸದಾಗಿ ಸೇರಿದ್ದ ಕಂಪೆನಿಯಿಂದಲೇ ಒಬ್ಬ ಹುಡುಗಿಯನ್ನು ಕರೆಸಿದೆವು. ಶ್ರುತಿ ಎಂದು ಹೆಸರು. ನಮ್ಮ ಅದೃಷ್ಟಕ್ಕೆ ಮೈಸೂರಿನವಳು. ಮಾಸ್ಕಿನೊಳಗಿಂದಲೇ ಪಟಪಟನೆ ಮಾತಾಡಿದಳು.

"ಅಂಕಲ್, ಇವತ್ತೇ ಸೈನ್ ಮಾಡಿಬಿಡಿ. ಎರಡು ವರ್ಷ ರೇಟ್ ಲಾಕ್ ಆಗುತ್ತೆ. ಹಳೇ ರೇಟ್‌ಗಿಂತ ಸ್ವಲ್ಪ ಜಾಸ್ತಿ, ಆದ್ರೆ ನಿಶ್ಚಿಂತೆ. ಮುಂದಿನ ವಾರ ಇದೇ ರೇಟ್ ಇರುತ್ತೆ ಅಂತ ನಾನು ಗ್ಯಾರಂಟಿ ಕೊಡೋಕಾಗಲ್ಲ."

ಅಜ್ಜ ಪೆನ್ನು ತೆಗೆದರು. ಮುಚ್ಚಳ ತೆಗೆದ ಸದ್ದು ನನಗೆ ಕೇಳಿಸಿತು. "ನೋಡುವ" ಅಂದರು.

ಹಿಂದಿನ ದಿನವಷ್ಟೇ ಪಿತೃಪಕ್ಷ ಶುರುವಾಗಿತ್ತು.

ಇದಕ್ಕೂ ಮೊದಲು ಒಂದು ಸಲ, ನಿಮ್ಮ ಅಪ್ಪ ಶಾಲೆಗೆ ಹೋಗುತ್ತಿದ್ದಾಗ, ಅಜ್ಜ ಒಂದು ಸಣ್ಣ ತಿಂಡಿ ಅಂಗಡಿಯನ್ನು ಈ ಪಕ್ಷದಲ್ಲೇ ಹಿಡಿದಿದ್ದರು. ನಾನು ಬೇಡವೆಂದಿದ್ದೆ, ಅವರು ಕೇಳಿರಲಿಲ್ಲ. ಎಂಟು ತಿಂಗಳಿಗೆ ಅದು ಮುಚ್ಚಿತು. ಆಮೇಲೆ ಈ ಒಂದು ವಿಷಯದಲ್ಲಿ ಅವರು ನನ್ನ ಮಾತು ಮೀರಲಿಲ್ಲ. ಹದಿನೈದು ದಿನ ತಾನೇ ಎಂದು ನನಗೆ ಅನಿಸಿತು. ಅಮಾವಾಸ್ಯೆ ಕಳೆದು ಪಾಡ್ಯ ಬಂದರೆ ನವರಾತ್ರಿ, ಅದಕ್ಕಿಂತ ಒಳ್ಳೆಯ ದಿನ ಯಾವುದಿದೆ? ಕಾಗದದಲ್ಲಿ ಇನ್ನೂ ಸಮಯವಿತ್ತಲ್ಲ.

ನಾನು ಎರಡು ಸಲ ತಟ್ಟಿದೆ.

ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. "ಹತ್ತು ಹದಿನೈದು ದಿನ ಬಿಟ್ಟು ಫೋನ್ ಮಾಡ್ತೇನೆ ಆಯ್ತಾ" ಅಂದರು ಅಜ್ಜ. ಶ್ರುತಿ "ನಿಮ್ಮಿಷ್ಟ ಅಂಕಲ್" ಎಂದು ಫಾರ್ಮನ್ನು ಅಲ್ಲೇ ಇಟ್ಟು ಹೋದಳು.

ಆ ಪಕ್ಷದಲ್ಲಿ ನಾನು ನಿಮ್ಮ ಮುತ್ತಜ್ಜಿಯ ತಿಥಿ ಮಾಡಿಸಿದೆ, ಪಾಯಸ ಮಾಡಿದೆ. ಫಾರ್ಮನ್ನು ದೇವರ ಪಟದ ಹಿಂದೆ ಇಟ್ಟಿದ್ದೆ. ಪಾಡ್ಯದ ಬೆಳಿಗ್ಗೆ ಪೂಜೆ ಮುಗಿಸಿ, ಫಾರ್ಮಿಗೆ ಕುಂಕುಮ ಹಚ್ಚಿ ಅಜ್ಜನ ಕೈಗೆ ಕೊಟ್ಟೆ. ಅವರು ಸಹಿ ಹಾಕಿ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು.

"ಅಂಕಲ್, ಹೊಸ ಕಸ್ಟಮರ್ಸ್‌ನ ತಗೊಳ್ತಾ ಇಲ್ಲ ಈಗ. ಎಲ್ಲ ಫಾರ್ಮೂ ವಾಪಸ್ ತಗೊಂಡಿದಾರೆ. ನಮ್ಮದು ಅಂತಲ್ಲ, ಯಾರೂ ತಗೊಳ್ತಿಲ್ಲ. ನಾನು ಅವತ್ತೇ ಹೇಳಿದ್ದೆ ಅಲ್ವಾ." ಆಮೇಲೆ ದನಿ ತಗ್ಗಿಸಿ, "ಸಾರಿ ಅಂಕಲ್" ಅಂದಳು. ಅವಳದು ಏನೂ ತಪ್ಪಿರಲಿಲ್ಲ.

ಲಿಮ್ ಅಂಕಲ್‌ನ ಪಿತೃಗಳು ನಮ್ಮವರು ಬರುವ ಎರಡು ವಾರ ಮೊದಲೇ ಬಂದು ಹೋಗಿದ್ದರು, ಅಷ್ಟೇ ವ್ಯತ್ಯಾಸ. ಅವರ ಗೋಡೆಯ ಆ ಕಡೆ ಒಂದೇ ದರ. ಈ ಕಡೆ ನಮ್ಮದು ಅರ್ಧ ಗಂಟೆಗೊಂದು.

ಅಂದು ಮಧ್ಯಾಹ್ನ ಜುರಾಂಗ್ ಈಸ್ಟ್‌ನ ತನ್ನ ಆಫೀಸಿನಿಂದ ನಿಮ್ಮ ಅಪ್ಪ ಫೋನ್ ಮಾಡಿದ. ಬೇಗ ಸಹಿ ಹಾಕಿ ಎಂದು ಅವನು ಮೊದಲೇ ಹೇಳಿದ್ದ. ಅಜ್ಜ ಗ್ರೈಂಡರಿನ ಪಕ್ಕ ನಿಂತು ಮಾತಾಡುತ್ತಿದ್ದರು. ನನ್ನ ಕೈ ಹಿಟ್ಟಿನೊಳಗಿತ್ತು.

"ಎಂತ ಇಲ್ಲ ಮಗ, ನಾನೇ ಕಾದೆ. ದರ ಇನ್ನೂ ಸ್ವಲ್ಪ ಇಳಿಯಬಹುದು ಅಂತ ಅಂದಾಜು ಮಾಡಿದೆ. ತಪ್ಪಿತು."

ನಿಮ್ಮ ಅಪ್ಪನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಈ ವಯಸ್ಸಲ್ಲಿ ಯಾಕಪ್ಪ ನಿಮಗೆ ಈ ದುರಾಸೆ? ಅದೇನು ಲಾಟರಿನಾ?"

ಅಜ್ಜ "ಹೂಂ, ಹೂಂ" ಅನ್ನುತ್ತಾ ಕೇಳಿಕೊಂಡರು. ಫೋನಿಟ್ಟ ಮೇಲೆ ನಾನು ನೋಡಿದೆ. ಅವರು ನನ್ನ ಕಡೆ ನೋಡದೆ, "ಉಪ್ಪು ಹಾಕಿದ್ದೀಯಾ?" ಎಂದು ಕೇಳಿದರು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಅಜ್ಜನ ಫೋನಿನಲ್ಲಿ ಆ ದರ ಕಾಣುತ್ತಿತ್ತು. ಅರ್ಧ ಗಂಟೆಗೊಮ್ಮೆ ತೆಗೆದು ನೋಡುವರು. "ಇಳಿಯಿತು" ಅಂದರೆ ನಾವು ಓಡಿಹೋಗಿ ಗ್ರೈಂಡರ್ ಹಾಕುವುದು. "ಏರಿತು" ಅಂದರೆ ನಿಲ್ಲಿಸುವುದು. ಅರ್ಧ ರುಬ್ಬಿದ ಉದ್ದು ಹಾಗೇ ಕೂತಿರುತ್ತಿತ್ತು. ಮೋಡ ಕವಿದು ಮಳೆ ಸುರಿಯುತ್ತಿದ್ದ ಮಧ್ಯಾಹ್ನಗಳು ಅವು. ಫ್ಯಾನ್ ಇಲ್ಲ, ದೀಪ ಇಲ್ಲ, ಕಾರಿಡಾರಿನ ಬೆಳಕಿನಲ್ಲಿ ಇಬ್ಬರೂ ಕೂತಿರುತ್ತಿದ್ದೆವು. ಕೆಲವು ಅರ್ಧ ಗಂಟೆಗಳಲ್ಲಿ ದರ ಹಳೆಯದರ ಹಲವು ಪಟ್ಟು ಇರುತ್ತಿತ್ತು. "ಪೇಟೆಯಲ್ಲಿ ಟೊಮೆಟೊ ದುಬಾರಿಯಾದರೆ ಹುಣಸೆಹುಳಿ ಹಾಕಿ ಸಾರು ಮಾಡಬಹುದು ಮಾರಾಯ್ತಿ. ಇದಕ್ಕೆ ಬದಲು ಎಂತ ಹಾಕುವುದು?" ಎಂದು ಅಜ್ಜ ಒಂದು ದಿನ ನಕ್ಕರು. ನನ್ನನ್ನು ನಗಿಸಲೆಂದು ಹೇಳಿದ್ದು ಅದು.

ನಿಮಗೆ ಆಶ್ಚರ್ಯವಾಗಬಹುದು, ಅದೇ ತಿಂಗಳು ನಮ್ಮ ಮನೆಗೆ ಕರೆಂಟು ಕೊಡುತ್ತಿದ್ದ ಕಂಪೆನಿಯೂ ಮುಚ್ಚಿತ್ತು. ಮನೆಯಲ್ಲಿ ನಮಗೆ ಗೊತ್ತೇ ಆಗಲಿಲ್ಲ. ಮನೆಗಳಿಗೆ, ತೀರ ಸಣ್ಣ ಅಂಗಡಿಗಳಿಗೆ, ಸರ್ಕಾರದ ಕಡೆಯವರು ಮೂರು ತಿಂಗಳಿಗೊಮ್ಮೆ ಗೊತ್ತುಮಾಡುವ ದರಕ್ಕೆ ಮರಳುವ ದಾರಿ ಇತ್ತು. ತಾವಾಗಿಯೇ ಆ ಕಡೆ ಸೇರಿಸಿದರು. ಒಂದು ದೀಪವೂ ಮಿಣುಕಲಿಲ್ಲ. ನಮ್ಮ ಘಟಕಕ್ಕೂ ಹಾಗೆ ಮಾಡಿ ಎಂದು ಅಜ್ಜ ಕರೆಂಟಿನ ಆಫೀಸಿಗೆ ಹೋಗಿ ಕೇಳಿದರು. ಅಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ, ನೀವು ಬಳಸುವ ಕರೆಂಟು ಸಣ್ಣವರ ಮಿತಿಗಿಂತ ಸ್ವಲ್ಪ ಹೆಚ್ಚು, ಆದ್ದರಿಂದ ಆ ದರಕ್ಕೆ ಮರಳಲು ಬರುವುದಿಲ್ಲ ಎಂದು ತಾಳ್ಮೆಯಿಂದ ಹೇಳಿದಳಂತೆ. ಕೋಲ್ಡ್ ರೂಮಿನಿಂದಾಗಿ ನಾವು ದೊಡ್ಡವರ ಸಾಲಿಗೆ ಸೇರಿದ್ದೆವು. ಮನೆಗೆ ಬಂದು ಅಜ್ಜ ಹೇಳಿದರು: "ನಾವು ದೊಡ್ಡ ವ್ಯಾಪಾರಸ್ಥರಂತೆ. ನಿನಗೆ ಗೊತ್ತಿತ್ತಾ?"

ದೊಡ್ಡ ಕಾರ್ಖಾನೆಯವರಿಗೆ ಲೆಕ್ಕ ನೋಡುವವರು ಇರುತ್ತಾರೆ, ಮುಂಚಿತವಾಗಿ ಕೊಂಡಿಟ್ಟುಕೊಳ್ಳುವ ದಾರಿ ಇರುತ್ತದೆ. ನಮ್ಮಲ್ಲಿ ಇದ್ದದ್ದು ಅಜ್ಜನ ಫೋನು ಮತ್ತು ನನ್ನ ಸೌಟು. ಪೇಟೆಯ ದರವನ್ನು ಅರ್ಧ ಗಂಟೆಗೊಮ್ಮೆ ನೋಡಿ ತೀರ್ಮಾನ ಮಾಡು ಎಂದು ನಮ್ಮಂಥವರಿಗೆ ಹೇಳುವುದು ಸರಿಯೇ ಎಂದು ನಾನು ಆಗ ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ. ಆಗ ನನಗೆ ಕಾಣುತ್ತಿದ್ದದ್ದು ದೇವರ ಪಟದ ಹಿಂದೆ ಮತ್ತೆ ಹೋಗಿ ಕೂತ, ಕುಂಕುಮ ಹಚ್ಚಿದ ಆ ಫಾರ್ಮು ಮಾತ್ರ.

ಒಂದು ಮಧ್ಯಾಹ್ನ ದರ ಹಿಂದೆಂದೂ ಕಾಣದಷ್ಟು ಏರಿತು. ಅರ್ಧ ಗಂಟೆ ಕಳೆಯಿತು, ಇಳಿಯಲಿಲ್ಲ. ಇನ್ನರ್ಧ ಗಂಟೆ. ಅಜ್ಜ ಎದ್ದು ಹೋಗಿ ಕೋಲ್ಡ್ ರೂಮಿನ ಸ್ವಿಚ್ಚು ಆರಿಸಿದರು. "ಬಾಗಿಲು ತೆಗೆಯದಿದ್ದರೆ ತಂಪು ಒಳಗೇ ಇರ್ತದೆ" ಅಂದರು. ಎರಡು ಸಲ ತಟ್ಟಬೇಕಿದ್ದರೆ ಅದು ಆವತ್ತು. ಆದರೆ ಹಿಂದೆ ಹಾಗೆ ತಟ್ಟಿ ಇಷ್ಟೆಲ್ಲ ಆದ ಮೇಲೆ ನನಗೆ ಆ ಸೌಟನ್ನು ಎತ್ತುವ ಮುಖವಿರಲಿಲ್ಲ.

ಮತ್ತೆ ಸ್ವಿಚ್ಚು ಹಾಕಿದಾಗ ಸಂಜೆಯಾಗಿತ್ತು. ಮೇಲೆ ಮುಟ್ಟಿದರೆ ಪ್ಯಾಕೆಟ್‌ಗಳು ತಣ್ಣಗೇ ಇದ್ದವು. ಮರುದಿನ ಕ್ಯಾಂಟೀನಿಗೂ ಅಂಗಡಿಗಳಿಗೂ ಕಳಿಸಿದೆವು. ಅದರ ಮರುದಿನ ಎಲ್ಲವೂ ಹಿಂದಕ್ಕೆ ಬಂದವು. ಒಂದೊಂದೂ ಕೆನ್ನೆ ಉಬ್ಬಿಸಿಕೊಂಡ ಹಾಗೆ ಉಬ್ಬಿದ್ದವು. ಕೆಲವು ಅಂಗಡಿಯ ಫ್ರಿಜ್ಜಿನಲ್ಲೇ ಒಡೆದಿದ್ದವಂತೆ. ಕ್ಯಾಂಟೀನಿನವರು ಬೈಯಲಿಲ್ಲ. "ಮುಂದಿನ ವಾರದಿಂದ ಬೇಡ ಸರ್" ಎಂದಷ್ಟೇ ಹೇಳಿದರು.

ಅಜ್ಜ ನೆಲದ ಮೇಲೆ ಕೂತು ಕತ್ತರಿಯಿಂದ ಒಂದೊಂದೇ ಪ್ಯಾಕೆಟಿನ ಮೂಲೆ ಕತ್ತರಿಸಿದರು. ಪ್ರತಿ ಸಲ ಸಣ್ಣಗೆ ಉಸಿರು ಬಿಟ್ಟ ಸದ್ದು. ಕೋಣೆ ತುಂಬ ಹುಳಿ ವಾಸನೆ. ಇಪ್ಪತ್ತು, ಮೂವತ್ತು ಪ್ಯಾಕೆಟ್ ಆದ ಮೇಲೆ ನಾನೂ ಇನ್ನೊಂದು ಕತ್ತರಿ ಹಿಡಿದು ಎದುರು ಕೂತೆ.

ವಾಸನೆಗೆ ಲಿಮ್ ಅಂಕಲ್ ಬಾಗಿಲಿಗೆ ಬಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಕೋಲ್ಡ್ ರೂಮಿನ ಕಡೆ ಕೈ ತೋರಿಸಿ, ಅರ್ಧ ಜಾಗ ಖಾಲಿ ಇದೆ, ನಿಮ್ಮದನ್ನೆಲ್ಲ ತಂದಿಡಿ, ದುಡ್ಡು ಬೇಡ ಎಂದರು. "ನೋ ನೀಡ್ ಶೈ ಲಾ, ಬ್ರದರ್" ಅಂದರು.

ಆ ಮಾತಿಗೆ ನನ್ನ ಕಣ್ಣು ತುಂಬಿತು. ಮೂಗಿಗೆ ಸೆರಗು ಹಿಡಿಯುತ್ತಿದ್ದ ನಾನು ಆ ಕ್ಷಣ ಒಪ್ಪಿಬಿಡುತ್ತಿದ್ದೆ. ಮೀನಿನ ಪಕ್ಕ ಇಟ್ಟರೆ ಇಡಲಿ, ಮುಚ್ಚಿದ ಪ್ಯಾಕೆಟ್ ತಾನೇ. ಆದರೆ ಅಜ್ಜ ಅವರ ಎರಡೂ ಕೈ ಹಿಡಿದುಕೊಂಡು ತಲೆಯಲ್ಲಾಡಿಸಿದರು. ಅವರು ಹೋದ ಮೇಲೆ ನನಗೆ ಹೇಳಿದರು: "ಪ್ಯಾಕೆಟಿನ ಮೇಲೆ ಶುದ್ಧ ಸಸ್ಯಾಹಾರ ಅಂತ ಅಚ್ಚು ಹಾಕಿಸಿದ್ದೇನೆ. ನಮ್ಮ ಹಿಟ್ಟು ತಗೊಂಡು ದೇವರಿಗೆ ನೈವೇದ್ಯ ಮಾಡುವವರಿದ್ದಾರೆ. ಅವರಿಗೆ ಗೊತ್ತಾಗುವುದಿಲ್ಲ, ಸರಿ. ನಮಗೆ ಗೊತ್ತಿರ್ತದಲ್ಲ."

ಅಂಥವರನ್ನು ನಿಮ್ಮ ಅಪ್ಪ ದುರಾಸೆಯವರು ಎಂದುಕೊಂಡಿದ್ದಾನೆ.

ದೀಪಾವಳಿ ಮುಗಿದ ಮೇಲೆ ಘಟಕ ಬಿಟ್ಟೆವು. ಗ್ರೈಂಡರುಗಳನ್ನು ಯಾರೋ ಬಂದು ಒಯ್ದರು. ಕೊನೆಯ ದಿನ ಅಜ್ಜ ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದರು. ಎಲ್ಲ ಆರಿಸಿ ಆದ ಮೇಲೂ ಫೋನು ತೆಗೆದು ದರ ನೋಡಿದರು. "ಈಗ ಇಳಿದಿದೆ" ಅಂದರು. ನಾನು ಪ್ಲಗ್ಗುಗಳನ್ನೆಲ್ಲ ಆರಿಸುತ್ತಾ ಓಡಾಡುವುದನ್ನು ನೀವು ತಮಾಷೆ ಮಾಡುತ್ತೀರಲ್ಲ, ಅದು ಆವತ್ತಿನಿಂದ ಹತ್ತಿದ ಅಭ್ಯಾಸ.

ಹೊಸ ವರ್ಷ ಬಂದು ಕೆಲವು ದಿನಕ್ಕೆ ಲಿಮ್ ಅಂಕಲ್ ಫೋನ್ ಮಾಡಿದರು. ನಮ್ಮಂತೆ ನಡುವೆ ಸಿಕ್ಕಿಕೊಂಡವರಿಗೆ ತಿಂಗಳಿಗೊಂದು ನಿಗದಿ ದರದಲ್ಲಿ ಕರೆಂಟು ಕೊಡುವ ಏರ್ಪಾಡು ಮಾಡಿದ್ದಾರೆ, ಬೇಗ ಅರ್ಜಿ ಹಾಕಿ ಎಂದರು. ಅವರಿಗೆ ಖುಷಿಯಾಗಿತ್ತು. ನಮ್ಮ ಘಟಕ ಆಗಲೇ ಬೇರೆಯವರಿಗೆ ಹೋಗಿದೆ ಎಂಬುದನ್ನು ಮರೆತೇ ಹೇಳಿದ್ದರೋ ಏನೋ. ಅಜ್ಜ, "ಒಳ್ಳೇದಾಯ್ತು, ಉಳಿದವರಾದರೂ ಉಳೀತಾರೆ" ಅಂದರು. ಅದನ್ನು ಅವರು ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಅಷ್ಟು ಒಳ್ಳೆಯ ಮನಸ್ಸು ಬರಲಿಲ್ಲ. ಕೊಡೆ ಕೊಟ್ಟದ್ದು ಒಳ್ಳೆಯದೇ, ಆದರೆ ನಾವು ಆಗಲೇ ಪೂರ್ತಿ ನೆನೆದಿದ್ದೆವು. ಸಣ್ಣವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಕಾಯುವುದು. ಹದಿನೈದು ದಿನ ಕಾಯಬಹುದೆಂದು ನಾನು ಅಂದುಕೊಂಡದ್ದೂ ಅದೇ ತಪ್ಪು.

ಅಲ್ಲಿಂದ ಒಂದೂವರೆ ವರ್ಷ ಅಜ್ಜ ಈ ಮನೆಯಲ್ಲಿ ನಿಮ್ಮ ಜೊತೆ ಇದ್ದರು. ನಿಶಾಂತ, ನಿನ್ನನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು, ನಿನಗೆ ನೆನಪಿದೆಯೋ ಇಲ್ಲವೋ. ನಿಮ್ಮ ಅಪ್ಪ ಕೆಟ್ಟವನಲ್ಲ. ಅಪ್ಪನಿಗೆ ಶರ್ಟು ತಂದ, ಆಸ್ಪತ್ರೆಗೆ ರಜೆ ಹಾಕಿ ಓಡಾಡಿದ. ಆದರೆ ಕರೆಂಟು, ವ್ಯಾಪಾರ, ಮಾರ್ಕೆಟ್ಟು ಎಂಬ ಮಾತು ಬಂದಾಗಲೆಲ್ಲ ಒಂದು ಚುಚ್ಚು ಮಾತು ಬರುತ್ತಿತ್ತು. ಅಜ್ಜ ನಗುತ್ತಿದ್ದರು.

ಆಸ್ಪತ್ರೆಯಲ್ಲಿ, ಕೊನೆಯ ವಾರ, ನಾನು ಅವರ ಹಾಸಿಗೆಯ ಪಕ್ಕ ಕೂತು, "ಇವತ್ತು ಅವನು ಬಂದಾಗ ನಾನು ಹೇಳಿಬಿಡ್ತೇನೆ. ತಟ್ಟಿದ್ದು ನಾನು ಅಂತ" ಅಂದೆ.

ಅವರು ಬೇಡವೆಂದು ಬೆರಳಾಡಿಸಿದರು. "ಎಂತಕ್ಕೆ ಮಾರಾಯ್ತಿ? ನನ್ನನ್ನು ಅವನು ಇನ್ನು ಎಷ್ಟು ದಿನ ಬೈದಾನು. ಅವನ ಮನೆಯಲ್ಲಿ ಇರಬೇಕಾದವಳು ನೀನು."

ಆಗ ನನಗೆ ಅರ್ಥವಾಯಿತು. ಪಾಡ್ಯದ ದಿನ ಫೋನಿನಲ್ಲಿ ಆ ಸುಳ್ಳು ಹೇಳುವಾಗಲೇ ಅವರು ಇಷ್ಟು ದೂರ ನೋಡಿದ್ದರು. ಕರೆಂಟಿನ ದರ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಮುಂಚಿತವಾಗಿ ಕಾಣಲಿಲ್ಲ. ಇದು ಮಾತ್ರ ಕಂಡಿತ್ತು.

ನಾನು ಅವರ ಮಾತು ಕೇಳಿದೆ. ಕೇಳಿದ್ದು ಭಯಕ್ಕೆ, ಅವರ ಮೇಲಿನ ಗೌರವಕ್ಕಲ್ಲ. ಈ ವರ್ಷಗಳಲ್ಲಿ ನಿಮ್ಮ ಅಪ್ಪ ಒಂದು ದಿನವೂ ನನ್ನ ಮೇಲೆ ದನಿ ಏರಿಸಿಲ್ಲ. ಏರಿಸಿದರೂ ಈಗ ತಡೆದುಕೊಳ್ಳಬಲ್ಲೆ. ಆದರೆ ಮೊಮ್ಮಗ ಅಜ್ಜನನ್ನು ಜೂಜುಕೋರ ಎಂದು ಪ್ರೀತಿಯಿಂದ ನಗುವುದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

ಅನಘಾ, ಇದನ್ನು ಓದಿ ಮುಗಿಸಿದ ಮೇಲೆ ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ, ಅಪ್ಪನೆದುರು ಇದನ್ನು ಗಟ್ಟಿಯಾಗಿ ಓದಲೇ ಎಂದು ನನ್ನನ್ನು ಕೇಳು. ನಾನು ಅಡಿಗೆಮನೆಯಲ್ಲೇ ಇರುತ್ತೇನೆ, ಹೊರಗೆ ಬರುವುದಿಲ್ಲ. ನೀನು ಕಿವಿಗೊಟ್ಟು ಕೇಳು ಮಗಾ. ನಾನು ಪಾತ್ರೆಗೆ ಒಂದೇ ಸಲ ತಟ್ಟುತ್ತೇನೆ.